ಜಗತ್ತಿಗೆ ಹಚ್ಚಿದ ವಿಭೂತಿ

ಗಂಡನ ಮಣ್ಣಿಗೆ ಬಂದವರೆಲ್ಲ ತಿರುಗಿ ಹೋದ ಮೇಲೆ ಪ್ರಾಜಕ್ತಾಳ ಮನೆಯಲ್ಲಿ ಅಂದು ಮೊದಲ ಸಲ ಬರೀ ಬೆಳಗಾಯಿತು. ಚಹಾ ಸೋಸುವಾಗ ಗುಡಿಯ ವೀರಭದ್ರಕಾಕಾ ಬಾಗಿಲಲ್ಲಿ ಕೆಮ್ಮಿದರು.

"ತಂಗಿ, ಪಂಡಿತ ಗುಡೀದು ಸುವಿಚಾರ ಬರಿಯೋ ಹಲಗಿ ಒಯ್ದಿದ್ದ. ಇವತ್ತ ಕೊಟ್ರ ಚಲೋ ಆಗ್ತದ."

ಉಮರ್ಗಾ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗಂಡ ಪಂಡಿತ ಆ ಹಲಗೆಯ ಮೇಲೆ ಜಗತ್ತಿನ ಆಯುಷ್ಯ ಅಳೆಯುತ್ತಿದ್ದ. ಕೊನೆಯ ಸಾಲು ಉಳಿದಿತ್ತು. ಅವಳೂ ಗಣಿತದ ಎಂ.ಎಸ್ಸಿ.

"ಅವರ ಲೆಕ್ಕ ಮುಗಿಸಿ ಸಂಜೀಕ ತರ್ತೀನ್ರಿ ಕಾಕಾ."

ಅಷ್ಟರಲ್ಲಿ ಎದುರುಮನೆಯ ಸುಮನಬಾಯಿ ಜೋಳದ ಭಕ್ರಿ ತಂದಳು. "ಏನ್ ಗ ತಂಗಿ, ಇದು ಹಲಗಿ ಮ್ಯಾಲ, ಹಾವಿನ ಮರಿ ಹರದಾಡಿದಂಗ?"

"ಜಗತ್ತು ಒಂದು ತಗ್ಗಿನಾಗ ಕುಂತದ, ಕಾಕೂ. ಬಾಜೂಕ ಇನ್ನೂ ಆಳದ ತಗ್ಗು. ನಡುವಿನ ದಿಬ್ಬ ಹತ್ತಲಾರದನ, ಒಳಗಿಂದೊಳಗ ಅದ್ರಾಗ ಜಾರಬಹುದು. ಯಾವಾಗ ಅಂತ ಈ ಲೆಕ್ಕ."

ಭೂಕಂಪದ ನಂತರ ಮತ್ತೆ ಕಟ್ಟಿದ ಸಾಸ್ತೂರಿನಲ್ಲಿ ಆಡಬಾರದ ಮಾತದು. ಸುಮನಬಾಯಿಯಿಂದ ಅದು ಓಣಿಗೆಲ್ಲ ಹಬ್ಬಿ, ಚಹಾ ಆರುವ ಮೊದಲೇ ಮಂಚಗಳೆಲ್ಲ ಬಯಲಿಗೆ ಬಂದವು. ಗ್ಯಾಸ್ ಸಿಲಿಂಡರುಗಳು ಬೀಗತಿಯರಂತೆ ಬೇವಿನ ನೆರಳಲ್ಲಿ ಸಾಲಾಗಿ ಕೂತವು. ಜನ ಪ್ರಾಜಕ್ತಾಳ ಅಂಗಳ ತುಂಬಿದರು.

"ಅಳಸ್ರಿ ಅದನ್ನ! ಬರದದ್ದಕ್ಕ ಆಗ್ತದ!"

ಸುಮನಬಾಯಿ ಒದ್ದೆ ಅರಿವೆ ಹಿಡಿದೇ ಬಂದಿದ್ದಳು. ಪ್ರಾಜಕ್ತಾ ಹಲಗೆಗೆ ಬೆನ್ನು ಕೊಟ್ಟು ನಿಂತಳು. "ಒಂದ ಸಾಲು ತಡೀರಿ, ಕಾಕೂ. ಅವರು ಕಡೀಕ ಬರದದ್ದು ಇದ."

ಗಣಿತದಲ್ಲೊಂದು ಉಪಾಯವಿದೆ. ಕಾಲವನ್ನು ಕಾಲ್ಪನಿಕ ಮಾಡಿದರೆ ದಿಬ್ಬ ತಲೆಕೆಳಗಾಗಿ ಕಣಿವೆಯಾಗುತ್ತದೆ. ಅದರಲ್ಲಿ ಉರುಳಿ ಮರಳುವ ಹಾದಿಯ ಬೆಲೆಯನ್ನು ಸಂಖ್ಯೆಯ ತಲೆಯ ಮೇಲೆ ಘಾತವಾಗಿ ಇಟ್ಟರೆ ಉತ್ತರ ಬಂತು. ಇಟ್ಟಳು. ಬಂದ ಉತ್ತರ ಓದಿದಳು.

"ಜಗತ್ತು ಯಾವಾಗೋ ಮುಗೀಬೇಕಾಗಿತ್ತು..."

"ಅಗ ಬಾಯೀ! ಮುಗದಿದ್ರ ನನ್ನ ಮೊಣಕಾಲು ಇನ್ನಾ ಯಾಕ ನೋಯ್ಲಿಕತ್ತದ?" ಎಂದಳು ಸುಮನಬಾಯಿ.

ಆಗ ಕಂಡಿತು: ಘಾತದ ಮುಂದೆ ಮೈನಸ್ ಹಾಕಿರಲಿಲ್ಲ. ಒಂದು ಗಿಡ್ಡ ಗೆರೆ ಎಳೆದಳು. ಜಗತ್ತಿಗೆ ಎಣಿಕೆಗೆ ಸಿಗದಷ್ಟು ಆಯುಷ್ಯ ಬಂತು.

"ಒಂದ ಗೆರಿಗೆ ಉಳೀತೇನ?"

"ಉಳೀತು."

"ಹಂಗಾದ್ರ ಒಂದ ಯಾಕ?" ಸುಮನಬಾಯಿ ವಿಭೂತಿ ತಂದು ಆ ಗೆರೆ ಅಳಿಸಿಹೋಗುವಂತೆ ಅದರ ಮೇಲೇ ಮೂರು ಬೆರಳು ಎಳೆದಳು. ಪ್ರಾಜಕ್ತಾ ಎದೆ ಹಿಡಿದುಕೊಂಡು ಲೆಕ್ಕ ಹಾಕಿದಳು. ಮೂರು ಮೈನಸ್ ಗುಣಿಸಿದರೂ ಮೈನಸ್ಸೇ. ಬದುಕಿದೆವು.

ಮಂಚಗಳು ಒಳಗೆ ಹೋದವು.

ಸಂಜೆ ಹಲಗೆ ಹೊತ್ತು ಗುಡಿಗೆ ಹೋದಳು. ಅರಿವೆ ಕೇಳಿದರೆ ಕಾಕಾ ಕೈ ಅಡ್ಡ ಹಿಡಿದರು. "ಅಳಸೂದು ಬ್ಯಾಡ. ಜಗತ್ತು ಉಳಿಸಿದ ಬರಹ. ಇದಕಿಂತ ಸುವಿಚಾರ ಯಾವದದ?" ತಾವೇ ಮೊಳೆಗೆ ತೂಗುಹಾಕಿ ನೆಟ್ಟಗೆ ಮಾಡಿದರು. ಹೆಗಲ ಶಾಲಿನ ಸೆರಗು ಹಲಗೆಗೆ ತಾಗಿತು. ಒಂದು ಗೆರೆ ಅದಕ್ಕೆ ಅಂಟಿಕೊಂಡು ಹೋಯಿತು.

ಉಳಿದದ್ದು ಎರಡು. ಎರಡು ಮೈನಸ್ ಅಂದರೆ ಪ್ಲಸ್. ಜಗತ್ತು ಮತ್ತೆ ಮುಗಿದಿತ್ತು.

"ಯಾಕ ತಂಗಿ, ಸೊಟ್ಟ ಆಗ್ಯದೇನು?"

ಇಷ್ಟು ದಿನಗಳಲ್ಲಿ ಮೊದಲ ಸಲ ಅವಳಿಗೆ ನಗು ತಡೆಯಲಾಗಲಿಲ್ಲ.

"ಇಲ್ರಿ ಕಾಕಾ. ಬರೋಬರ್ ಅದ," ಎಂದು ಸೀಮೆಸುಣ್ಣದ ಕೈ ಕೊಡವಿಕೊಂಡಳು.