ಮೀನು ಬಾರದ ದಿನದ ಹವಾಮಾನ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಊರೆಲ್ಲ ಮುಂದುವರಿಯುತ್ತಿರುವಾಗ ನಾನೊಬ್ಬ ಹಿಂದುಳಿಯಬಾರದೆಂದು ಬ್ಯಾಟರಿ ರೇಡಿಯೊ ಕೊಂಡೆ. ಇನ್ನು ಮೇಲೆ ನಮ್ಮ ಕಾಫಿ ಒಣಗುವುದು ವಿಜ್ಞಾನದ ಪ್ರಕಾರ!

ಅಲ್ಲಿಯವರೆಗೆ ಮನೆಯ ಹವಾಮಾನ ಇಲಾಖೆ ನನ್ನ ಹೆಂಡತಿ ಸೀತೆಯ ಕೈಯಲ್ಲಿತ್ತು. ಆ ಇಲಾಖೆಯ ಏಕೈಕ ಉಪಕರಣ ಮೊಯ್ದು. ಕಣ್ಣೂರಿನ ಕಡಲಿನಿಂದ ಮಾಕುಟ್ಟದ ಘಾಟಿ ಹತ್ತಿ ಬರುವ ಲಾರಿಯ ಮೀನನ್ನು ಅವನು ಸೈಕಲ್ಲಿನಲ್ಲಿ ಮನೆಮನೆಗೆ ತರುತ್ತಿದ್ದ. ಮೊಯ್ದು ಬರಲಿಲ್ಲವೆಂದರೆ ಕಡಲು ಎದ್ದಿದೆ, ದೋಣಿ ಇಳಿದಿಲ್ಲ, ಹಿಂದೆಯೇ ಮಳೆ ಘಾಟಿ ಹತ್ತುತ್ತದೆ ಎಂದರ್ಥ. ಅಂಥ ದಿನ ನಮ್ಮ ಪೇಟೆ ಅಮ್ಮತ್ತಿಯ ಸುತ್ತಮುತ್ತ ಯಾರೂ ಒಣಹಾಕಿದ ಕಾಫಿಯನ್ನು ಕಣದಲ್ಲಿ ಬಿಡುತ್ತಿರಲಿಲ್ಲ.

ಒಂದು ದಿನ ವರ್ಷದ ಬೆಳೆಯೆಲ್ಲ ಕಣದಲ್ಲಿ ಹರಡಿತ್ತು. ನಾನು ಹವಾಮಾನ ವಾರ್ತೆಗೆ ಕಿವಿಗೊಟ್ಟು ಕೂತಿದ್ದೆ. "ಅರಬ್ಬೀ ಸಮುದ್ರದಲ್ಲಿ..." ಎಂದಿತು ರೇಡಿಯೊ. ಅಷ್ಟರಲ್ಲಿ ಗೇಟಿನ ಬಳಿ ಮೊಯ್ದುವಿನ ಹಾರ್ನ್. "ಪೋಂ! ಪೋಂ!" ಅದು ನಿಂತಾಗ ರೇಡಿಯೊದಲ್ಲಿ ವೀಣೆ ನುಡಿಯುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ನಾಳೆಯಿಂದ ಈ ಕಡೆ ತಲೆ ಹಾಕಿದರೆ ನೋಡು!" ಎಂದು ಗುಡುಗಿದೆ. ಮೊಯ್ದು ಸೀತೆಗೆ ಮತ್ತಿ ಮೀನು ಕೊಟ್ಟು ಸೈಕಲ್ ಹತ್ತಿ ಹೋದ.

ಮರುದಿನ ಅವನು ಬರಲಿಲ್ಲ.

"ಕಡಲು ಎದ್ದಿರ್ಬೇಕು. ಕಾಫಿ ಒಳಗೆ ಹಾಕ್ಸುವ ಮಾರಾಯ್ರೆ," ಎಂದಳು ಸೀತೆ.

"ಕಡಲಿಗೆ ಎಂತ ಆಗ್ಲಿಲ್ಲ. ಅವ ನನಗೆ ಹೆದರಿ ಬರ್ಲಿಲ್ಲ!"

"ಪಕ್ಕದ ಪೂವಯ್ಯಣ್ಣನಲ್ಲಿಗೂ ಬರ್ಲಿಲ್ಲವಲ್ಲ? ಅವ್ರು ಆಗ್ಲೇ ಕಾಫಿ ರಾಶಿ ಮಾಡಿಸ್ತಾ ಇದ್ದಾರೆ."

"ನಾನು ಬೈದ ಜೋರಿಗೆ ಈ ದಾರಿಯನ್ನೇ ಬಿಟ್ಟಿದ್ದಾನೆ!"

ಸೀತೆ ನನ್ನನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ಒಳಗೆ ಹೋದಳು.

ಸಂಜೆ ಮಳೆ ಹೊಯ್ಯಿತು. ಎಂಥ ಮಳೆ! ನಮ್ಮ ಕಾಫಿ ಕಣ ಬಿಟ್ಟು ಚರಂಡಿಗಿಳಿದು ಪೂವಯ್ಯಣ್ಣನ ಗದ್ದೆಯತ್ತ ಪ್ರಯಾಣ ಬೆಳೆಸಿತು. ಸೀತೆ ಕುಕ್ಕೆ ಹಿಡಿದು ಅದರ ಹಿಂದೆ ಓಡಿದಳು. ನಾನು ಕೊಡೆ ಹಿಡಿದು ನಿಂತಿದ್ದೆ, ರೇಡಿಯೊಗೆ! ಕೊನೆಗೆ ಅವಳು ಒದ್ದೆಯಾಗಿ ಜಗಲಿಯಲ್ಲಿ ಕೂತು ಅತ್ತಾಗ ಮಾತ್ರ ನಿಜವಾಗಿ ಸಂಕಟವಾಯಿತು. ಮಗಳ ಮದುವೆಗೆಂದು ನಂಬಿದ್ದ ಬೆಳೆ ಅದು.

ಎರಡು ದಿನ ಕಳೆದು ಮಳೆ ಬಿಟ್ಟ ಮೇಲೆ ಕ್ಷಮೆ ಕೇಳಲು ಅಮ್ಮತ್ತಿಗೆ ನಡೆದೆ. ಮೊಯ್ದು ಸೈಕಲ್ಲಿಗೆ ಬುಟ್ಟಿ ಕಟ್ಟುತ್ತಿದ್ದ.

"ನಾನು ಬೈದದ್ದು ಮನಸ್ಸಿಗೆ ಹಚ್ಕೊಳ್ಬೇಡ ಮೊಯ್ದು. ನಾಳೆಯಿಂದ ಬಾ."

"ನಾಳೆ ಎಂತಕ್ಕೆ ಸಾವುಕಾರ್ರೆ? ಈಗ ನಿಮ್ಮಲ್ಲಿಗೇ ಹೊರಟದ್ದು. ಎರಡು ದಿನ ದೋಣಿಯೇ ಇಳೀಲಿಲ್ಲ, ಮೀನು ಎಲ್ಲಿಂದ ತರೋದು?" ಎಂದ. ಆಮೇಲೆ ತಲೆ ಕೆರೆದುಕೊಂಡು ಕೇಳಿದ, "ನೀವು ಬೈದ್ರಾ? ಯಾವಾಗ?"

ಇಡೀ ಅಮ್ಮತ್ತಿಯಲ್ಲಿ ನನ್ನ ಗುಡುಗನ್ನು ನಂಬಿದವನು ನಾನೊಬ್ಬನೇ!