ಬೆರಳೆತ್ತದ ಅಂಪೈರು

ನನ್ನ ಬಾಯಿ ಒಳ್ಳೆಯದಲ್ಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಕಂಡದ್ದನ್ನು ಕಂಡ ಹಾಗೆ ಹೇಳಿ ಕೆಡಿಸಿಕೊಂಡ ನೆಂಟಸ್ತಿಕೆ ಎಷ್ಟೋ. ಒಬ್ಬರ ಮನೆಯ ಸೀಮಂತದಲ್ಲಿ ಹೋಳಿಗೆ ಚಪ್ಪಲಿಯ ಅಟ್ಟೆಯ ಹಾಗಿದೆ ಎಂದೆ. ಆ ಮನೆಯಾಕೆ ಈಗಲೂ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ನನ್ನನ್ನು ಕಂಡರೆ ಬೇಕಿಲ್ಲದ ಅಂಗಡಿಯೊಳಗೆ ನುಗ್ಗುತ್ತಾಳೆ. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಮಗಳು ಮಹಾದೇವಿಯ ಕೈಯಲ್ಲಿ. ಕನ್ನಡ ಕೂಡಿಸಿ ಕೂಡಿಸಿ ಓದುತ್ತೇನೆ, ಇಲ್ಲಿನ ತೆಲುಗು ಬೋರ್ಡುಗಳನ್ನು ಅರ್ಧ ಓದಿ ಅರ್ಧ ಊಹಿಸುತ್ತೇನೆ. ಸುತ್ತಿ ಬಳಸಿ ಬರೆಯುವಷ್ಟು ವಿದ್ಯೆ ಇಲ್ಲ. ಇಂಥ ನಾನು ಈಗ ದಿನಾ ಮಧ್ಯಾಹ್ನ ಒಂದು ಸುಳ್ಳು ಹೇಳುತ್ತೇನೆ. ಅದೂ ಕ್ರಿಕೆಟ್ಟಿನ ವಿಷಯದಲ್ಲಿ.

ಕ್ರಿಕೆಟ್ಟು ನನ್ನ ಪಾಲಿಗೆ ಬಂದದ್ದು ಗಂಡನ ಬೆನ್ನಿಗೆ. ರಾಯಚೂರು ಕಡೆಯಿಂದ ಕಲ್ಲು ಹೊರುವ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು ಹೇಗೋ ಒಂದು ಆಟದ ಮೈದಾನದಲ್ಲಿ ಮಾಲಿಯಾದರು. ಹುಲ್ಲು ಕತ್ತರಿಸುವುದು, ಪಿಚ್ಚಿಗೆ ನೀರು ಹಾಕುವುದು, ಅದರ ಮೇಲೆ ರೋಲರ್ ಎಳೆಯುವುದು. ಮೂವತ್ತು ವರ್ಷ ಅಂಗೈಯಗಲದ ಮಣ್ಣನ್ನು ಮಗುವಿನ ಹಾಗೆ ತಟ್ಟಿದರು. ಮನೆಯ ಮಗುವನ್ನು ನಾನು ತಟ್ಟಿದೆ. ಒಂದು ಸಲ ಪಾಕಿಸ್ತಾನದ ತಂಡ ಅಲ್ಲಿ ಆಡಲು ಬಂದಿತ್ತಂತೆ. ಆಟದ ಹಿಂದಿನ ದಿನ ಅವರ ಸ್ಪಿನ್ ಬೌಲರ್, ಇನ್ನೂ ಮೀಸೆ ಬಲಿಯದವನು, ಪಿಚ್ಚಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಮಣ್ಣನ್ನು ಬೆರಳಲ್ಲಿ ತಿಕ್ಕಿ, ಮೂಸಿ, “ಚಾಚಾ, ನೀರು ಯಾವಾಗ ಹಾಕಿದಿರಿ?” ಎಂದು ಹಿಂದಿಯಲ್ಲಿ ಕೇಳಿದನಂತೆ. ಹೇಳಬಾರದೆಂದು ಮೇಲಿನವರ ಅಪ್ಪಣೆ. ನಮ್ಮವರು “ಇವತ್ತು ಬೆಳಿಗ್ಗೆ” ಎಂದರು. ಅವನು ನಕ್ಕು, “ಝೂಟ್, ಚಾಚಾ. ನಿನ್ನೆ ಸಂಜೆ” ಎಂದನಂತೆ. ಅಲ್ಲಿಂದ ನಮ್ಮವರು ಅವನ ಭಕ್ತರು. ಮೈದಾನದವರು ಪಾಕಿಸ್ತಾನದ ಪಾರ್ಟಿ ಎಂದು ಎಷ್ಟು ಕಿಚಾಯಿಸಿದರೂ ಬಿಡಲಿಲ್ಲ. “ನನ್ನ ಸುಳ್ಳು ಹಿಡಿದಾಂವ ಅಂದ್ರ ಅವನೊಬ್ಬನ” ಎನ್ನುತ್ತಿದ್ದರು. ನಾನು ನೂರು ಸಲ ಹಿಡಿದಿದ್ದೆ. ಅದು ಲೆಕ್ಕಕ್ಕಿರಲಿಲ್ಲ.

ಈಗ ನಮ್ಮವರಿಗೆ ಮರೆವು. ತಾರ್ನಾಕದಲ್ಲಿ ಮಗಳ ಮನೆ, ಎರಡನೆಯ ಮಹಡಿ. ಅವಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ನಡುವೆ ನಾನು, ಇವರು, ಟೀವಿ. ಬೆಳಗಿನ ಉಪ್ಪಿಟ್ಟು ಹತ್ತು ಗಂಟೆಗೆ ಮರೆಯುತ್ತದೆ, ನನ್ನ ಹೆಸರು ಮರೆತು ಎರಡು ವರ್ಷವಾಯಿತು. ಹೋದ ಬೇಸಿಗೆಯಲ್ಲಿ ಯಾವುದೋ ಚಾನೆಲ್ಲಿನವರು ಮಧ್ಯಾಹ್ನ ಮೂರು ಗಂಟೆಗೆ ಆ ಬೌಲರನ ಹಳೆಯ ಆಟಗಳನ್ನು ಮೊದಲಿನಿಂದ ತೋರಿಸತೊಡಗಿದರು. ದಿನಕ್ಕೊಂದು, ಎರಡು ವಾರ. ಇವರಿಗೆ ಅದು ಹಳೆಯದೆಂದು ಗೊತ್ತಿಲ್ಲ. ಇವತ್ತೇ, ಈಗಲೇ ನಡೆಯುತ್ತಿದೆ ಎಂದು ನಂಬಿಕೆ. ಬಾಲು ಬೀಳುವ ಮೊದಲೇ “ಒಳಗ ತಿರುಗತೈತಿ ನೋಡು” ಎನ್ನುವರು. ತಿರುಗುತ್ತಿತ್ತು. ಅದರಲ್ಲೇನೂ ವಿಶೇಷವಿಲ್ಲ. ಎಂದೋ ಕಂಡದ್ದು ತಲೆಯ ಯಾವುದೋ ಮೂಲೆಯಲ್ಲಿ ಉಳಿದಿರುತ್ತದೆ ಎಂದುಕೊಂಡೆ.

ಹೆದರಿಕೆ ಶುರುವಾದದ್ದು ಬೇರೆಯದಕ್ಕೆ. ಅವನ ಮೊದಲ ಆಟ ಬಂದ ದಿನ, ಗೋಡೆ ಹಿಡಿದು ನಡೆಯುವ ನಮ್ಮವರು ಎದ್ದು, ಚಾಪೆಯನ್ನು ಸುರುಳಿ ಸುತ್ತಿ, ಅಡಿಗೆಮನೆಯಿಂದ ಬಾಗಿಲತನಕ ರೋಲರಿನ ಹಾಗೆ ತಳ್ಳಿಕೊಂಡು ಹೋದರು. ಅವನು ಎಂಟು ಮಂದಿಯನ್ನು ಕೆಡವಿದ ದಿನ ನನ್ನನ್ನು “ಏ ಹುಡುಗಿ” ಎಂದು ಕರೆದರು. ಮದುವೆಯಾದ ಹೊಸತರಲ್ಲಿ ಹಾಗೆ ಕರೆಯುತ್ತಿದ್ದರು. ಎಪ್ಪತ್ತೆರಡರ ಹುಡುಗಿ ಒಗ್ಗರಣೆ ಸೀಯಿಸಿದಳು. ಎರಡನೆಯ ವಾರಕ್ಕೆ ಬೌಲರನಿಗೆ ಹೊಟ್ಟೆ ಬಂತು, ಕೂದಲು ಹಿಂದೆ ಸರಿಯಿತು. ಅವನು ಭುಜ ಹಿಡಿದುಕೊಂಡು ಹೊರಗೆ ನಡೆದ ದಿನ ನಮ್ಮವರ ಬಲಗೈ ಭುಜದ ಮೇಲಕ್ಕೆ ಏಳಲಿಲ್ಲ. ಡಾಕ್ಟರು ನೋಡಿ ವಯಸ್ಸು ಎಂದರು. ಅವನನ್ನು ತಂಡದಿಂದ ಕೈಬಿಟ್ಟರು ಎಂದು ಟೀವಿಯವರು ಹೇಳಿದ ದಿನ ಇವರು ಊಟದ ತಟ್ಟೆ ದೂಡಿ, “ನನ್ನ ತಗದು ಹಾಕ್ಯಾರ, ಇನ್ನ ಯಾಕ ಉಣ್ಣಲಿ” ಎಂದರು. ಮರುದಿನ ಕುರ್ಚಿಯಿಂದ ಬಗ್ಗಿ ನೆಲದ ಟೈಲ್ಸಿನ ಮೇಲೆ ಅಂಗೈ ಇಟ್ಟು, ಹವಾಮಾನ ಹೇಳುವವರ ಹಾಗೆ ತಣ್ಣಗೆ, “ಅವನ ಆಟ ಮುಗದ ದಿವಸ ನಂದೂ ಮುಗೀತೈತಿ” ಎಂದರು.

ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಕೆಳಗಿನ ಮನೆಗೆ ಇಳಿದು ಹೋದೆ. ಅಲ್ಲಿರುವುದು ಜುಬೇದಾ ಬೀ, ಬೀದರಿನಲ್ಲಿ ಹುಟ್ಟಿದವಳು, ನನ್ನ ಓರಗೆಯವಳು, ಕ್ರಿಕೆಟ್ಟು ಬಂದರೆ ನಮಾಜಿನ ಹೊತ್ತಿಗೆ ಮಾತ್ರ ಏಳುವವಳು. ಅವಳೂ ದಿನಾ ಅದನ್ನೇ ನೋಡುತ್ತಿದ್ದಳು.

“ಇವನ ಆಟ ಎಂದಿಗೆ ಮುಗೀತೈತಿ?” ಎಂದು ಕೇಳಿದೆ.

“ಶುಕ್ರವಾರ ಆಖ್ರಿ ಅದ ಅಕ್ಕಾ. ಯಾಕ್ರಿ, ನಿಮಗೂ ಹುಚ್ಚು ಹಿಡೀತಾ?”

ನಮ್ಮವರು ಅಂದದ್ದನ್ನು ಹೇಳಿದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, “ತೋರಿಸಬ್ಯಾಡ್ರಿ ಮತ್ತ. ಟೀವಿ ಕೆಟ್ಟದ ಅಂತ ಹೇಳ್ರಿ” ಎಂದಳು.

“ನನಗ ಸುಳ್ಳು ಬರೂದಿಲ್ಲ.”

“ಹಂಗಾರ ಖರೇನ ಕೆಡಸ್ರಿ.”

ಶುಕ್ರವಾರ ರಿಮೋಟಿನ ಸೆಲ್ಲು ತೆಗೆದು ಜೋಳದ ಡಬ್ಬಿಯಲ್ಲಿ ಹೂತೆ. ಸಾಲದೆಂದು ವೈರನ್ನೂ ಕಿತ್ತೆ. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಬಿಳಿ ಟವೆಲು ಸುತ್ತಿಕೊಂಡು ಬರುವಷ್ಟರಲ್ಲಿ ಮೂರು ಗಂಟೆ. ನಮ್ಮವರು ಕಪ್ಪು ಟೀವಿಯ ಮುಂದೆ ಕುಳಿತಿದ್ದರು. ಕಣ್ಣು ಮಿಟುಕುತ್ತಿರಲಿಲ್ಲ. “ಬಂದ. ಟೊಪ್ಪಿಗಿ ಅಂಪೈರ್ ಕೈಯಾಗ ಕೊಟ್ಟ” ಎಂದರು. ಸ್ವಲ್ಪ ಹೊತ್ತಿಗೆ “ಹೊರಗ ತಿರುಗಿತು, ಬ್ಯಾಟಿನ ಅಂಚಿಗೆ ಹತ್ತಲಿಲ್ಲ” ಎಂದರು. ಮಾತು ಮುಗಿದ ಮೇಲೆ ಕೆಳಗಿನ ಕಿಟಕಿಯಿಂದ ಜುಬೇದಾಳ “ಹಾಯ್ ಅಲ್ಲಾ” ಕೇಳಿಸಿತು. ಮತ್ತೆ ಇವರು ಹೇಳಿದರು, ಮತ್ತೆ ಅವಳು ಕೂಗಿದಳು. ಒಂದು ಗಂಟೆ ಹೀಗೇ. ಪ್ರತಿ ಸಲವೂ ಮೊದಲು ಇವರು, ಆಮೇಲೆ ಅವಳು. ನೆನಪಿನ ಶಕ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವಾಗ ಮೂಗಿಗೆ ವಾಸನೆ ಬಡಿಯಿತು. ಆಗಷ್ಟೇ ನೀರು ಕುಡಿದ ಮಣ್ಣಿನ ವಾಸನೆ. ಎರಡನೆಯ ಮಹಡಿ, ನೆಲಕ್ಕೆ ಟೈಲ್ಸು, ನಮ್ಮಲ್ಲಿ ಒಂದು ಹೂಕುಂಡವೂ ಇಲ್ಲ.

ಕಪ್ಪು ಗಾಜಿನಲ್ಲಿ ನಮ್ಮವರ ಬೆನ್ನ ಹಿಂದೆ ಬಿಳಿ ಟೋಪಿಯ ಯಾರೋ ನಿಂತಿದ್ದರು. ಮೈ ಜುಂ ಎಂದಿತು. ನೋಡಿದರೆ ನಾನೇ, ನನ್ನ ಟವೆಲು. ಇಷ್ಟು ಕುರೂಪಿ ಅಂಪೈರನ್ನು ಯಾವ ದೇಶದವರೂ ನಿಲ್ಲಿಸಲಾರರು.

ಆಗ ಇವರು ಎದ್ದರು. ಯಾರ ಕೈಯನ್ನೂ ಹಿಡಿಯದೆ ಎದ್ದರು. ನಾಲ್ಕು ದಿನದಿಂದ ಏಳದ ಬಲಗೈ ತಲೆಯ ಮೇಲಕ್ಕೆ ಎದ್ದಿತು. ನನ್ನ ಕಡೆ ತಿರುಗಿ, “ಕಾಲಿಗೆ ಬಡೀತು. ಅಂಪೈರ್ ಸಾಬ್ರ, ಹೇಳ್ರಿ” ಎಂದರು. ಕೆಳಗಿನಿಂದ ಜುಬೇದಾ “ಔಟ್, ಔಟ್” ಎಂದು ಕಿರುಚಿದ್ದು ಇಡೀ ಮನೆಗೆ ಕೇಳಿಸಿತು. ಬಾಲು ಕಾಲಿಗೆ ಬಡಿದರೆ ಆಡುವವನು ಯಾಕೆ ಔಟು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಆದರೆ ನಾನು ಬೆರಳೆತ್ತಿದರೆ ಆಟ ಮುಗಿಯುತ್ತದೆ ಎಂಬುದು ತಿಳಿಯಿತು. ಇವರ ಕಣ್ಣು ನನ್ನ ಕೈಯ ಮೇಲಿತ್ತು. ಕೈಯನ್ನು ಸೆರಗಿನೊಳಗೆ ಹಾಕಿಕೊಂಡೆ.

“ನಾಟೌಟ್” ಎಂದೆ.

“ಕಣ್ಣು ಕಾಣ್ತಾವೇನ್ರಿ ನಿಮಗ?” ಎಂದು ಬೈದರು. ಆಮೇಲೆ ಕೈ ಇಳಿಸಿ ಕುಳಿತು, “ಇರಲಿ. ಇನ್ನೊಂದು ಬಾಲ್ ಐತಿ. ನಾಳಿಗಿ ಹಾಕ್ತಾನ” ಎಂದರು. ಚಹಾ ಕೇಳಿದರು. ಎರಡು ಬಿಸ್ಕತ್ತು ತಿಂದರು.

ಸಂಜೆ ಜುಬೇದಾ ಮೆಟ್ಟಿಲು ಹತ್ತಿ ಬಂದು, ಮೊದಲು ಒಳಗೆ ಇಣುಕಿ ಇವರ ಎದೆ ಏಳುತ್ತಿದೆಯೇ ಎಂದು ನೋಡಿದಳು. “ಮುಗೀತ್ರಿ ಅಕ್ಕಾ. ಸಾಫ್ ಔಟ್ ಇತ್ತು. ಟೋಪಿ ತಗದು ಸಲಾಂ ಮಾಡಿ ಹ್ವಾದ” ಎಂದಳು.

“ನಮ್ಮ ಕಡೆ ಇನ್ನೂ ಮುಗಿದಿಲ್ಲ” ಎಂದೆ.

ಇದಾಗಿ ಈಗ ಚಳಿಗಾಲ. ಮೂರು ಗಂಟೆಗೆ ಟೀವಿ ಹಚ್ಚುವುದನ್ನೇ ಬಿಟ್ಟಿದ್ದೇವೆ. ಅವನು ಬರುತ್ತಾನೆ, ಟೋಪಿ ಕೊಡುತ್ತಾನೆ, ಅದೇ ಬಾಲು ಹಾಕುತ್ತಾನೆ, ಕಾಲಿಗೆ ಬಡಿಯುತ್ತದೆ, ನಮ್ಮವರ ಕೈ ಏಳುತ್ತದೆ, ನಾನು ನಾಟೌಟ್ ಎನ್ನುತ್ತೇನೆ. ತಲೆಗೆ ನೀರು ಹಾಕಿಕೊಳ್ಳದ ದಿನವೂ ಟವೆಲು ಸುತ್ತಿಕೊಳ್ಳುತ್ತೇನೆ. ಒಂದು ರಜೆಯ ದಿನ ಬಾಗಿಲಲ್ಲಿ ನಿಂತು ನೋಡಿದ ಮಹಾದೇವಿ, “ಅಪ್ಪಗ ಮರೆವು ಐತಿ, ಸರಿ. ನಿನಗೇನಾಗೈತಿ ಯವ್ವಾ?” ಎಂದಳು. ಮಗಳಿಗೂ ನನ್ನದೇ ಬಾಯಿ.

ಏನಾಗಿದೆ ಎಂದು ನಾನೂ ಯೋಚಿಸುತ್ತಿದ್ದೇನೆ. ಮೊನ್ನೆ ನಮ್ಮವರು ಬಾಯಿ ತೆರೆಯುವ ಮೊದಲು “ಒಳಗ ತಿರುಗತೈತಿ” ಎಂದವಳು ನಾನು. ಗಾಜಿನಲ್ಲಿ ಈಗ ನಾವಿಬ್ಬರೇ ಇರುವುದಿಲ್ಲ. ಕುಕ್ಕರುಗಾಲಲ್ಲಿ ಕುಳಿತ ಒಬ್ಬ ಹುಡುಗ ಮಣ್ಣನ್ನು ಬೆರಳಲ್ಲಿ ತಿಕ್ಕುತ್ತ ತಲೆಯೆತ್ತಿ ನನ್ನನ್ನೇ ನೋಡುತ್ತಾನೆ. ಅವನು ಸುಳ್ಳು ಹಿಡಿಯುವುದರಲ್ಲಿ ಗಟ್ಟಿಗ, ನನಗೆ ಗೊತ್ತು. ತುಟಿ ಅಲ್ಲಾಡುತ್ತದೆ, ಏನೆನ್ನುತ್ತಾನೆ ಎಂಬುದೂ ಗೊತ್ತು. ಹೋಳಿಗೆಯ ವಿಷಯದಲ್ಲಿ ಒಂದು ಸುಳ್ಳು ಹೇಳಲಾರದೆ ನೆಂಟಸ್ತಿಕೆ ಕಳೆದುಕೊಂಡವಳು, ಅವನ ಕಣ್ಣಲ್ಲಿ ಕಣ್ಣಿಟ್ಟು ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತೇನೆ, ನಾಟೌಟ್. ಬೆರಳು ಮಾತ್ರ ಸೆರಗಿನೊಳಗೆ ತಾನಾಗಿಯೇ ಮೇಲೇಳಲು ನೋಡುತ್ತಿರುತ್ತದೆ. ಅದು ವಯಸ್ಸು ಎಂದು ಡಾಕ್ಟರು ಹೇಳಿದ್ದಾರೆ.