ಹಿಂಬಾಗಿಲಿನ ಸವಾರಿ

ಬಚ್ಚಲುಮನೆಯ ಬಾಗಿಲು ಕೆಳಗಿನಿಂದ ಕೊಳೆಯುತ್ತ ಕೊಳೆಯುತ್ತ, ಒಳಗೆ ಸ್ನಾನ ಮಾಡುವವರ ಪಾದಪೂಜೆಯನ್ನು ಹೊರಗಿನಿಂದಲೇ ಮಾಡಬಹುದಾದಷ್ಟು ಮೇಲೇರಿತ್ತು. ಬಡಗಿಯನ್ನು ಕರೆಸಿ, ಕರೆಸಿ ಎಂದು ಜಯಶೀಲಾ ಗಂಡನಿಗೆ ಹೇಳಿ ಹೇಳಿ ಸೋತಿದ್ದರು. ಕೊನೆಗೊಂದು ಭಾನುವಾರ ರಾಗಿಗುಡ್ಡದ ನಾಗಯ್ಯ ಉಳಿ, ಗರಗಸ ಸಮೇತ ನವುಲೆಯ ಅವರ ಮನೆಗೆ ಬಂದೇಬಿಟ್ಟ. ಜಯಶೀಲಾ ಖುಷಿಯಿಂದ ಕಾಫಿಗೆ ಸಕ್ಕರೆ ಜಾಸ್ತಿ ಹಾಕಿ ತಂದು ನೋಡಿದರೆ, ನಾಗಯ್ಯ ಬಚ್ಚಲಿನ ಕಡೆ ತಿರುಗಿಯೂ ನೋಡದೆ ಅಂಗಳದ ಹಳೇ ಫಿಯೆಟ್ ಸ್ಟೇಷನ್ ವ್ಯಾಗನ್ನಿನ ಹಿಂಭಾಗಕ್ಕೆ ತಲೆ ತೂರಿಸಿ ನಿಂತಿದ್ದ.

"ರೀ, ಮನುಷ್ಯರ ಬಚ್ಚಲಿಗೆ ಬಾಗಿಲಿಲ್ಲ, ಕಾರಿನ ಡಿಕ್ಕಿಗೆ ಬಡಗಿನಾ?"

"ಡಿಕ್ಕಿ ಅನ್ಬೇಡ ಮಾರಾಯ್ತಿ. ಇದು ವ್ಯಾಗನ್ನಿನ ಅಂತಃಪುರ," ಎಂದರು ಪರಮೇಶ್ವರಪ್ಪ.

(ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಪರಮೇಶ್ವರಪ್ಪನವರ ಬಾಯಲ್ಲಿ ಸಂಸ್ಕೃತ ಬರುತ್ತಿದ್ದುದು ತಪ್ಪು ಮಾಡಿ ಸಿಕ್ಕಿಬಿದ್ದಾಗ ಮಾತ್ರ.)

ಆ ಅಂತಃಪುರದ ಅವಸ್ಥೆಯನ್ನು ಏನೆಂದು ಹೇಳುವುದು! ಗಾಡಿ ಇವರ ಕೈಗೆ ಬರುವ ಮೊದಲು ಆಯನೂರಿನ ಮದುವೆ ಅಡುಗೆಯವರೊಬ್ಬರದಾಗಿತ್ತು. ಊರೂರಿನ ಹುಳಿ, ಪಾಯಸ, ತುಪ್ಪ ಕುಡಿದು ನೆಲದ ಹಲಗೆ ಕೊಬ್ಬಿ, ಉಬ್ಬಿ, ಕಡೆಗೆ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಅದನ್ನು ಕಿತ್ತರೆ ಕೆಳಗಿನ ತಗಡಿನಲ್ಲಿ ಅಂಗೈ ಅಗಲದ ತೂತು. ಅಂಗಳದ ತುಳಸಿಕಟ್ಟೆಯ ಬುಡ ನಿಚ್ಚಳವಾಗಿ ಕಾಣುತ್ತಿತ್ತು. ಪಕ್ಕದ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಜೋಲುಬಿದ್ದಿತ್ತು. ಇರುವೆಗಳಂತೂ ಅಲ್ಲೇ ತಲೆಮಾರುಗಳಿಂದ ಸಂಸಾರ ಹೂಡಿದ್ದವು.

"ಇದ್ರಲ್ಲಿ ಏನ್ ತುಂಬ್ತೀರಿ ಸ್ವಾಮಿ? ಅಡಿಕೆ ಮೂಟೆನಾ?" ನಾಗಯ್ಯ ಕೇಳಿದ.

"ಏನೂ ತುಂಬಲ್ಲ."

"ಏನೂ ತುಂಬ್ದೇ ಇರಕ್ಕೆ ತೇಗದ ಪಟ್ಟಿ ಯಾಕೆ? ಸಾದಾ ಹಲಗೆ ಹೊಡೆದು ಕೊಡ್ತೀನಿ ಬಿಡಿ."

"ತೇಗಾನೇ ಆಗ್ಬೇಕು ನಾಗಯ್ಯ. ಪಟ್ಟಿ ಪಟ್ಟಿ ನಡುವೆ ಅಲ್ಯೂಮಿನಿಯಂ ಬೀಡಿಂಗ್ ಬರಬೇಕು. ಕೈ ಆಡಿಸಿದ್ರೆ ರೇಷ್ಮೆ ಥರ ಇರಬೇಕು."

ತಗಡಿಗೆ ವೆಲ್ಡಿಂಗ್ ಆಯಿತು. ನೀರಿಗೆ ಜಗ್ಗದ ಪ್ಲೈವುಡ್ಡು ಬಂತು. ಮೇಲೆ ತೇಗ, ತೇಗದ ಮೇಲೆ ಪಾಲಿಶು. ಪಕ್ಕಕ್ಕೆ ಬೂದುಬಣ್ಣದ ಹೊಸ ರೆಕ್ಸಿನ್. ಪರಮೇಶ್ವರಪ್ಪ ಆಫೀಸಿನಿಂದ ಬಂದವರೇ ಪಂಚೆ ಎತ್ತಿ ಕಟ್ಟಿ ಮರಳುಕಾಗದ ಹಿಡಿದು ಉಜ್ಜುತ್ತಿದ್ದರು. ಇಷ್ಟು ಪ್ರೀತಿಯಿಂದ ಒಂದು ದಿನ ಪಾತ್ರೆ ಉಜ್ಜಿದ್ದರೂ ಸಾಕಾಗಿತ್ತು ಎಂದು ಜಯಶೀಲಾ ಪಕ್ಕದ ಮನೆ ಪುಷ್ಪಮ್ಮನ ಹತ್ತಿರ, ಗಂಡನಿಗೆ ಕೇಳಿಸುವಷ್ಟು ಗುಟ್ಟಾಗಿ, ಹೇಳಿದರು.

ಕೆಲಸ ಮುಗಿದ ಸಂಜೆ ಆಕೆ ನೇರವಾಗಿ ಕೇಳಿಯೇಬಿಟ್ಟರು. "ಈಗಲಾದ್ರೂ ಹೇಳ್ರಿ, ಯಾತಕ್ಕಿದು?"

ಪರಮೇಶ್ವರಪ್ಪ ಮರಳುಕಾಗದವನ್ನು ಮಡಿಸಿದರು, ಬಿಡಿಸಿದರು. ಅವರ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೂಲಿ ಕೆಲಸಕ್ಕಿದ್ದವರು. ಆಗ ದೊಡ್ಡ ಸಾಹೇಬರೊಬ್ಬರ ಮನೆಯಲ್ಲಿ ಇಂಥದೇ ವ್ಯಾಗನ್ ಇತ್ತು. ಸಾಹೇಬರ ಮಕ್ಕಳು ಸೀಟು ಬಿಟ್ಟು ಹಿಂದುಗಡೆ ಚಕ್ಕಳಮಕ್ಕಳ ಹಾಕಿ, ಗಾಜಿಗೆ ಮೂಗು ಒತ್ತಿ, ಹಿಂದಕ್ಕೆ ನೋಡುತ್ತ ಹೋಗುತ್ತಿದ್ದರು. ಸೀಮೆಎಣ್ಣೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಹುಡುಗನಿಗೆ, ಅಲ್ಲಿಂದ ನೋಡಿದರೆ ಈ ಊರು ಹೇಗೆ ಕಾಣುತ್ತದೋ ಎಂಬ ಆಸೆ ಹೊಟ್ಟೆಯಲ್ಲಿ ಕೂತುಬಿಟ್ಟಿತು. ತಲೆ ನರೆತರೂ ಅದು ಎದ್ದು ಹೋಗಿರಲಿಲ್ಲ.

"ಒಂದ್ಸಲ ಅಲ್ಲಿ ಕೂತು, ಭದ್ರಾವತಿ ನೋಡ್ಬೇಕು ಕಣೆ. ಅಷ್ಟೆ."

ಜಯಶೀಲಾ ನಗಲಿಲ್ಲ. ಇಷ್ಟೇ ಕೇಳಿದರು: "ನೀವು ಹಿಂದೆ ಕೂತ್ರೆ ಗಾಡಿ ಓಡ್ಸೋರು ಯಾರು?"

ಪರಮೇಶ್ವರಪ್ಪನವರ ಕೈಯಿಂದ ಮರಳುಕಾಗದ ಜಾರಿತು. ತಗಡು, ತೇಗ, ರೆಕ್ಸಿನ್ ಎಲ್ಲಕ್ಕೂ ತಲೆ ಓಡಿತ್ತು, ಇದೊಂದಕ್ಕೆ ಓಡಿರಲಿಲ್ಲ. ಮನೆಯಲ್ಲಿ ಗಾಡಿ ಬಿಡಲು ಬರುತ್ತಿದ್ದುದು ಅವರೊಬ್ಬರಿಗೇ. ಬಾಡಿಗೆ ಡ್ರೈವರನ್ನು ಮುಂದೆ ಕೂರಿಸಿ ಮಾಲೀಕ ಹಿಂದೆ ಮೂಟೆಯಂತೆ ಕೂತರೆ ನವುಲೆ ನಕ್ಕೀತು.

"ನಾನೇ ಕಲೀತೀನಿ," ಎಂದರು ಜಯಶೀಲಾ. "ನಂಗೂ ಚಿಕ್ಕೋಳಿದ್ದಾಗಿಂದ..."

"ಅದೆಲ್ಲ ಆಮೇಲೆ. ಫೀಸ್ ಎಷ್ಟಂತೆ, ವಿಷಯಕ್ಕೆ ಬಾ," ಎಂದರು ಪರಮೇಶ್ವರಪ್ಪ. ಹೆಂಡತಿಯ ಮಾತನ್ನು ಅವರು ಕೊನೆತನಕ ಕೇಳಿದ ದಾಖಲೆಯಿಲ್ಲ.

ಜಯಶೀಲಾ ಕಲಿತರು. ಎರಡು ಬೇಲಿ, ಒಂದು ನಲ್ಲಿ ಕಂಬ ಬಲಿಯಾದವು, ಲೈಸೆನ್ಸ್ ಬಂತು. ಮುಂದಿನ ಭಾನುವಾರ ಸವಾರಿ ಹೊರಟಿತು. ಒಳಗಿನ ಕನ್ನಡಿಯನ್ನು ಆಕೆ ಮೊದಲೇ ಚಾವಣಿಯ ಕಡೆ ತಿರುಗಿಸಿಟ್ಟಿದ್ದರು. "ಹಿಂದೆ ನೋಡ್ತಾ ಕೂತ್ರೆ ಮುಂದೆ ಹೋಗೋದ್ಯಾವಾಗ?"

ಹಿಂದೆ, ತೇಗದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪರಮೇಶ್ವರಪ್ಪ ಗಾಜಿಗೆ ಮೂಗು ಒತ್ತಿದರು. ಭದ್ರಾವತಿ ಬಂತು, ಬಂದದ್ದೆಲ್ಲ ದೂರ ದೂರ ಹೋಯಿತು. ಹಳೇ ಕ್ವಾರ್ಟರ್ಸು ಸಣ್ಣದಾಯಿತು. ಸೀಮೆಎಣ್ಣೆ ಅಂಗಡಿ ಇದ್ದ ಮೂಲೆಯಲ್ಲಿ ಎಸ್‌ಟಿಡಿ ಬೂತು ಇತ್ತು. ಅಲ್ಲಿ ನಿಂತು ಈ ಗಾಡಿಯನ್ನು ನೋಡುವವರು ಯಾರೂ ಇರಲಿಲ್ಲ. ಇಷ್ಟು ವರ್ಷ ಕಾದ ಜಾಗದಲ್ಲಿ ಕೂತಮೇಲೂ ಅವರಿಗೆ ಏನೋ ಬೇಕಾಗಿತ್ತು, ಏನೆಂದು ತಿಳಿಯಲಿಲ್ಲ.

ವಾಪಸು ಹೊರಡುವಾಗ ಊರಾಚೆ ದನಗಳು ಅಡ್ಡ ಬಂದು ಗಾಡಿ ನಿಂತಿತು. ಹಿಂಬಾಗಿಲ ಅಂಚಿನ ಬೀಡಿಂಗ್ ಒಂದು ಕಡೆ ಎದ್ದಿದ್ದು ಪರಮೇಶ್ವರಪ್ಪನವರ ಕಣ್ಣಿಗೆ ಬಿತ್ತು. ಸಹಿಸುವ ಜೀವವೇ ಅದು? ಸದ್ದಿಲ್ಲದೆ ಇಳಿದರು, ಬಾಗಿಲು ಹಾಕಿದರು, ಬೀಡಿಂಗ್ ಕೂರಲಿ ಎಂದು ಅಂಗೈಯಿಂದ ಎರಡೇಟು ಹಾಕಿದರು: ಧಬ್, ಧಬ್!

ಹುಟ್ಟಿದಾಗಿಂದ ಬಸ್ಸಿನಲ್ಲೇ ಓಡಾಡಿದ ಹೆಂಗಸು ಜಯಶೀಲಾ. ಹಿಂದಿನಿಂದ ಎರಡೇಟು ಬಿದ್ದರೆ ಅದರರ್ಥ ಒಂದೇ, "ರೈಟ್!" ದನಗಳೂ ಸರಿದಿದ್ದವು. ಗಾಡಿ ಹೊರಟೇಹೋಯಿತು.

"ಜಯಾ! ಏ ಜಯಾ!" ಪರಮೇಶ್ವರಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಗಾಜಿನೊಳಗೆ ತೇಗದ ನೆಲ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಎಷ್ಟು ಚೆಂದ ಕಾಣುತ್ತದೆ ಎಂದು ಅಂಥ ಹೊತ್ತಿನಲ್ಲೂ ಅವರಿಗೆ ಅನ್ನಿಸಿತು. ಆಮೇಲೆ ಗಾಡಿ ತಿರುವಿನಲ್ಲಿ ಮರೆಯಾಯಿತು.

ಹಿಂದೆ ಬಂದ ಬಸ್ಸಿಗೆ ಕೈಯೊಡ್ಡಿ ಹತ್ತಿದರು, ಜೋತುಬಿದ್ದೇ ಬಂದರು. ಪುಣ್ಯಕ್ಕೆ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಸಾಲಿನ ಮುಂದೆ ತಮ್ಮ ವ್ಯಾಗನ್! ಬಸ್ಸಿನಿಂದ ಧುಮುಕಿ, ಕಳ್ಳನ ಹಾಗೆ ಹಿಂಬಾಗಿಲು ತೆಗೆದು ಒಳಗೆ ಸೇರಿಕೊಂಡರು.

ಜಯಶೀಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಏನ್ರೀ, ಒಂದು ಹೂಂ ಕೂಡ ಇಲ್ಲ?"

"ಹೂಂ," ಎಂದರು ಪರಮೇಶ್ವರಪ್ಪ ಏದುಸಿರು ನುಂಗುತ್ತ.

"ಕೇಳಿದ್ರಲ್ಲ, ಅಷ್ಟು ಸಾಕು. ಆ ದನಗಳು ಸರಿದಲ್ಲಿಂದ ಇಲ್ಲೀತನಕ ಒಂದ್ಸಲನೂ ನಡುವೆ ಬಾಯಿ ಹಾಕ್ಲಿಲ್ಲ ನೀವು! ಮದುವೆ ಆದಾಗಿಂದ ಹೇಳ್ಬೇಕು ಅಂತ ಇಟ್ಕೊಂಡಿದ್ದೆಲ್ಲ ಇವತ್ತು ಹೇಳ್ಬಿಟ್ಟೆ. ನಿಮ್ಮ ಮುಖ ನೋಡಿದ್ರೆ ನಂಗೆ ಬಾಯೇ ಬರ್ತಿರ್ಲಿಲ್ಲ."

ಇಳಿದುಹೋಗಿದ್ದೆ ಎನ್ನಲು ಪರಮೇಶ್ವರಪ್ಪನವರಿಗೆ ಧೈರ್ಯ ಬರಲಿಲ್ಲ. ಭದ್ರಾವತಿ ಮರೆತೇಹೋಗಿತ್ತು. ಜೀವಮಾನದಲ್ಲಿ ಇಷ್ಟು ಆಸೆಯಿಂದ ಅವರು ಇನ್ನೇನನ್ನೂ ಬೇಡಿರಲಿಲ್ಲ.

"ಜಯಾ, ಇನ್ನೊಂದ್ಸಲ ಹೇಳೇ."

"ಥೂ, ಹೋಗ್ರಿ!" ಜಯಶೀಲಾ ನಾಚಿ ಗೇರು ಹಾಕಿದರು. "ಅಂಥ ಮಾತೆಲ್ಲ ಎರಡು ಸಲ ಹೇಳಕ್ಕಾಗುತ್ತಾ? ಇನ್ಮೇಲೆ ನೀವು ಹಿಂದೇನೇ ಕೂತ್ಕೊಳ್ಳಿ, ಎಷ್ಟು ಚೆನ್ನಾಗಿ ಕೇಳ್ತೀರಿ!"

ಗೇಟು ಎದ್ದಿತು, ಗಾಡಿ ಹೊರಟಿತು. ಪರಮೇಶ್ವರಪ್ಪನವರ ಎದುರಿಗೆ ರಸ್ತೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು; ಹೆಂಡತಿ ಆಡಿದ ಮಾತುಗಳೆಲ್ಲ ಅದರ ಮೇಲೇ ಎಲ್ಲೋ ಬಿದ್ದಿದ್ದವು.